ಗಿಡಕ್ಕೆ ಇಸ್ತ್ರಿ ಹಾಕುವವಳು

ಕಾದ ಕಲ್ಲಿನ ಮೇಲೆ ಹಸಿ ಸೊಪ್ಪು ಬಿದ್ದಾಗ ಏಳುತ್ತದಲ್ಲ, ಆ ಒಗರು ವಾಸನೆ ಸೆನಾಯ್ದಾಳಿಗೆ ಐದನೇ ವಯಸ್ಸಿನಿಂದ ಗೊತ್ತು. ತಮ್ಮ ಹುಟ್ಟಿದಾಗ ಅಮ್ಮನನ್ನು ಉಗಿಮನೆಯಲ್ಲಿ ಕೂರಿಸಿ, ಸೂಲಗಿತ್ತಿ ಲಿಬ್ರಾದಾ ಚಿಕ್ಕಮ್ಮ ಸೊಪ್ಪಿನ ಕಟ್ಟಿನಿಂದ ಬೆನ್ನು ತಟ್ಟಿದ್ದಳು. ಆ ವಾಸನೆಯ ಜಾಡು ಹಿಡಿದೇ ಸೆನಾಯ್ದಾ ಓಹಾಕಾ ಪಟ್ಟಣಕ್ಕೆ ಹೋಗಿ ಸಸ್ಯಶಾಸ್ತ್ರ ಓದಿದ್ದು, ಮೂವತ್ತೊಂದು ವರ್ಷ ಈ ಬೆಟ್ಟದೂರಿನ ಮದ್ದುಗಿಡಗಳನ್ನು ಬರೆದಿಟ್ಟದ್ದು.

ಈಗ ಊರಸಭೆಯಲ್ಲಿ ಬೆಳಗಿನಿಂದ ಕೂತಿದ್ದಾಳೆ. ಬಾಗಿಲು ಹಾಕಿದೆ. ಎಲ್ಲರ ಕೈಯೂ ಒಂದೇ ತೀರ್ಮಾನಕ್ಕೆ ಏಳುವ ತನಕ ಯಾರೂ ಹೊರಗೆ ಹೋಗುವಂತಿಲ್ಲ; ಅಜ್ಜಂದಿರ ಕಾಲದಿಂದ ಹಾಗೇ.

ತಪ್ಪು ಅವಳದೇ. ಬಾಣಂತಿಯರ ರಕ್ತ ನಿಲ್ಲಿಸುವ ಬೇರನ್ನು ತೋರಿಸಿದಾಗ ಚಿಕ್ಕಮ್ಮ, ಎಲ್ಲಿ ಸಿಕ್ಕಿತೆಂದು ಯಾರಿಗೂ ಹೇಳಬೇಡ ಎಂದಿದ್ದಳು. ಕಾಗದದ ನಡುವೆ ಒತ್ತಿ ಒಣಗಿಸಿದ ಗಿಡದ ಚೀಟಿಯಲ್ಲಿ ಸೆನಾಯ್ದಾ ರೂಢಿಯಂತೆ ಅದು ಬೆಳೆಯುವ ಒರತೆಯ ಹೆಸರು ಬರೆದಳು. ಜಾಗ ಬರೆಯದ ಗಿಡ ಬರೀ ಹುಲ್ಲು ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದವಳು ಅವಳೇ. ಪಟ್ಟಣದ ಸಂಗ್ರಹಾಲಯದಲ್ಲಿ ಆ ಚೀಟಿ ಓದಿದವರು ಯಾರೋ ಗುದ್ದಲಿ ಹಿಡಿದು ಬಂದರು. ಒರತೆಯ ಸುತ್ತ ಈಗ ಗುಂಡಿಗಳು ಮಾತ್ರ.

“ಗಿಡಕ್ಕೆ ಇಸ್ತ್ರಿ ಹಾಕೋಕೆ ಅಷ್ಟು ದೂರ ಹೋಗಿ ಓದ್ಬೇಕಿತ್ತೇನವ್ವಾ?” ಎಂದ ಹಿಂದಿನ ಸಾಲಿನ ಮಕಾರಿಯೊ. ಕೆಲವರು ನಕ್ಕರು.

ಸಭೆಯ ಹಿರಿಯ ಎರ್ಮಿಲೊ ನಗಲಿಲ್ಲ. “ಬರ್ದೋಳು ನೀನು, ನೀನೇ ಅಳಿಸ್ಬಿಡು ತಾಯಿ. ಅಳಿಸ್ತೀನಿ ಅಂತ ಒಂದ್ಮಾತು ಅನ್ನು, ಎಲ್ರೂ ಮನೆಗೆ ಹೋಗ್ತೀವಿ.”

ಅನ್ನುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು.

“ಆಗಲ್ಲ ಮಾವ. ಅದೇ ಗಿಡ ಒತ್ತಿದ ಹಾಳೆ ಇನ್ನೂ ಮೂರು ಊರಿನ ಸಂಗ್ರಹಾಲಯಕ್ಕೆ ಹೋಗಿದೆ, ಚೀಟಿ ಸಮೇತ. ಪಟ್ಟಣದಲ್ಲಿ ಅಳಿಸಿದ್ರೂ ಅಲ್ಲಿ ಇರುತ್ತೆ. ಸುಳ್ಳು ಹೇಳಿ ನಿಮ್ಮನ್ನ ಎಬ್ಬಿಸಲ್ಲ.”

ಎರ್ಮಿಲೊ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ಹಂಗಾದ್ರೆ ನೀನಿನ್ನು ಈ ಬೆಟ್ಟ ಹತ್ಬಾರ್ದು. ಯಾರೂ ನಿಂಗೆ ಒಂದೆಲೇನೂ ತೋರಿಸ್ಬಾರ್ದು. ಒಪ್ಪೋರು ಕೈ ಎತ್ತಿ.”

ಕೈಗಳು ಎದ್ದವು. ಪಕ್ಕದಲ್ಲಿ ಕೂತವಳು ಕೈ ಎತ್ತುವಾಗ ಸೆನಾಯ್ದಾಳ ಮುಖ ನೋಡದೆ ನೆಲ ನೋಡಿದಳು. ಅಷ್ಟು ದಯೆ ಇತ್ತು ಅವಳಲ್ಲಿ. ಈ ಬೆಟ್ಟ ಬಿಟ್ಟರೆ ಸೆನಾಯ್ದಾಳಿಗೆ ಬೇರೆ ಬದುಕು ಗೊತ್ತಿಲ್ಲ. ತಾನು ಕೈ ಎತ್ತದಿದ್ದರೆ ಎಳೆಗೂಸು ಬಿಟ್ಟು ಬಂದ ತಾಯಂದಿರೂ ಇಲ್ಲೇ ಕೂರಬೇಕು. ಎತ್ತಿದರೆ ತನ್ನ ಬಾಗಿಲಿಗೆ ತಾನೇ ಅಗುಳಿ ಹಾಕಿದಂತೆ.

ಎತ್ತಿದಳು.

“ಇನ್ನೊಂದು ಕೈ ಬಾಕಿ,” ಎಂದ ಎರ್ಮಿಲೊ, ಗೋಡೆ ಬದಿಯ ಬೆಂಚಿನಲ್ಲಿದ್ದ ಮುದಿ ಸೂಲಗಿತ್ತಿಯ ಕಡೆ ತಿರುಗಿ. “ಲಿಬ್ರಾದಕ್ಕಾ, ಬೇರು ಕಳ್ಕೊಂಡೋರು ನೀವು. ನೀವೇ ಸುಮ್ನಿದ್ರೆ ಹೆಂಗೆ?”

“ಅವಳು ಮಾಡಿದ್ದು ತಪ್ಪೇ. ನಂಗೂ ಹೊಟ್ಟೆ ಉರೀತದೆ. ಆದ್ರೆ ಉಳಿದ ಬೇರು ಹುಡುಕಿ ಮತ್ತೆ ನೆಡೋರು ಯಾರಪ್ಪಾ, ನೀನಾ? ನಿಂಗೆ ಕೊತ್ತಂಬರಿ ಯಾವ್ದು ಕಳೆ ಯಾವ್ದು ಗೊತ್ತಿಲ್ಲ.”

“ನೀವು ಒಪ್ಪೋ ತನಕ ಎಲ್ರೂ ಕೂತಿರ್ಬೇಕಾಗುತ್ತಕ್ಕಾ.”

“ಕೂತಿರೋಣ.”

ಮುದುಕಿ ಬೆಂಚುಗಳನ್ನು ಹಿಡಿದುಕೊಳ್ಳುತ್ತ ಬಂದು ಸೆನಾಯ್ದಾಳ ಪಕ್ಕ ಕೂತಳು. ಶಾಲಿನ ಗಂಟು ಬಿಚ್ಚಿ, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಾಳಿನ ಕಡುಬು, ತಮಾಲೆಯೊಂದನ್ನು ತೆಗೆದಳು. ಇನ್ನೂ ಮೇಲೆಯೇ ಇದ್ದ ಸೆನಾಯ್ದಾಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಅದರಲ್ಲಿ ಇಟ್ಟಳು.