ಪಾದದ ಅಳತೆ

ಮತ್ತೆ ಧೂಳು. ಬಸವಂತರಾಯ ಒದ್ದೆ ಬಟ್ಟೆ ಹಿಂಡಿ, ಅರ್ಧ ಗಂಟೆಯ ಹಿಂದಷ್ಟೇ ಒರೆಸಿದ್ದ ಪರ್ಸಿ ಕಲ್ಲಿನ ನೆಲದ ಮೇಲೆ ಮೂರನೆಯ ಸಲ ಮಂಡಿಯೂರಿದ. ಮಾಳಿಗೆಯ ಮೇಲೆ ಗೌಂಡಿ ಇಸ್ಮಾಯಿಲ ಮಣ್ಣು ಹಾಕಿಸುತ್ತಿದ್ದ. ಒಂದೊಂದು ಬುಟ್ಟಿ ಬಿದ್ದಾಗಲೂ ಛಾವಣಿಯ ಕಲ್ಲುಗಳ ಸಂದಿಯಿಂದ ಒಂದು ಚಿಟಿಕೆ ಕೆಳಗಿಳಿಯುತ್ತಿತ್ತು.

"ಇಸ್ಮಾಯಿಲ, ಇವತ್ತೊಂದಿನ ನಿಲ್ಲಸಾಕ ಆಗ್ತದೇನು?"

"ನಿಲ್ಲಸಬಹುದ್ರಿ ಸಾಬ್. ಹದ ಮಾಡಿದ ಮಣ್ಣು ಒಣಗಿ ಹೋಗ್ತದ. ಮತ್ತ ಮೊದಲಿಂದ ಕಲಸಬೇಕು."

ಹದ ತಪ್ಪಬಾರದು ಎಂದು ತಿಂಗಳಿಡೀ ಅವನ ತಲೆ ತಿಂದವನು ತಾನೇ. ಬಸವಂತರಾಯ ಮತ್ತೆ ನೆಲ ಒರೆಸತೊಡಗಿದ.

ಶಿವಕಾಂತಾ ಹನ್ನೊಂದರ ಬಸ್ಸಿಗೆ ಬರುವವಳಿದ್ದಳು. ಹೆಂಡತಿ ಬರುತ್ತಾಳೆಂದು ಗಂಡ ನೆಲ ಒರೆಸುವುದನ್ನು ಜೇವರ್ಗಿಯಲ್ಲಿ ಯಾರಾದರೂ ಕಂಡಿದ್ದರೆ ಯಡ್ರಾಮಿಯವರೆಗೆ ನಗು ಕೇಳಿಸುತ್ತಿತ್ತು. ಅದೃಷ್ಟಕ್ಕೆ ಊರ ಹೊರಗಿನ ಈ ಗರಸಿನ ದಿಬ್ಬಕ್ಕೆ ಕರೆಯದೆ ಯಾರೂ ಬರುತ್ತಿರಲಿಲ್ಲ.

ಮದುವೆಯಾಗಿ ಹದಿಮೂರು ವರ್ಷ. ಒಂದೇ ಸೂರಿನಡಿ ಕಳೆದದ್ದು ಎರಡೂ ತುಂಬಿರಲಿಲ್ಲ. ಅವನು ಪುಣೆಯಲ್ಲಿ ಗಗನಕ್ಕೇರುವ ಫ್ಲಾಟುಗಳ ನಕ್ಷೆ ಬರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಅವನ್ನು ದ್ವೇಷಿಸುತ್ತಿದ್ದ. ಅವಳು ಆಳಂದದ ಕನ್ಯಾಶಾಲೆಯಲ್ಲಿ ಮಾಸ್ತರಿಣಿ. ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. "ನಮ್ಮದಂತ ಒಂದು ಮನಿ ಆಗ್ಲಿ, ಬರ್ತೇನಿ" ಎಂದಿದ್ದಳು ಒಮ್ಮೆ. ಆ ಮಾತಿಗೂ ಎಂಟು ವರ್ಷ ಆಗಿತ್ತು.

ಈಗ ಪುಣೆ ಬಿಟ್ಟು ಬಂದಿದ್ದ, ಮನೆಯೂ ಆಗಿತ್ತು. ಜೇವರ್ಗಿಯ ಶಾಲೆಗೆ ವರ್ಗ ಕೇಳುವ ಅರ್ಜಿ ಕೊಡಲು ನಾಳೆಯೇ ಕಡೆಯ ದಿನ. ಮನೆ ನೋಡಿ ಸಹಿ ಮಾಡುತ್ತೇನೆ ಎಂದು ಬರೆದಿದ್ದಳು. ಕಾಗದದಲ್ಲಿ ಬೇರೇನೂ ಇರಲಿಲ್ಲ. ಆ ಒಂದು ಸಾಲನ್ನೇ ಅವನು ನಾಲ್ಕು ದಿನದಿಂದ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಅವನು ಎರಡನ್ನೂ ಪುಸ್ತಕ ನೋಡಿಯೇ ಮಾಡಿದ್ದ. ಇಲ್ಲಿಯದೇ ಮಣ್ಣು, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ. ಸುಡಲಿಕ್ಕೆ ಒಂದು ಕಡ್ಡಿ ಕಟ್ಟಿಗೆ ಬೇಡ. ಗಿಲಾವು ಇಲ್ಲ, ಕಬ್ಬಿಣ ಇಲ್ಲ, ಸಿಮೆಂಟು ಹೆಸರಿಗಷ್ಟು. ಏಪ್ರಿಲ್ಲಿನ ಬಿಸಿಲಿಗೆ ತಂಪಾಗಿರಲೆಂದು ನೆಲವನ್ನೇ ತಗ್ಗಿಗೆ ಇಳಿಸಿದ್ದ. ಬಡವ ಕಟ್ಟಿಕೊಳ್ಳಬಹುದಾದ ಮನೆ ಇದು, ನೋಡಿದವರೆಲ್ಲ ಹೀಗೇ ಕಟ್ಟುತ್ತಾರೆ ಎಂಬುದು ಅವನ ನಂಬಿಕೆ. ನೋಡಲು ಬಂದವರು ಬಾಗಿಲಲ್ಲೇ ನಿಂತು ಇಣುಕಿ, "ಚಲೋ ಆಗ್ಯಾದ್ರಿ" ಎಂದು, ಒಳಗಿಳಿಯದೆ, ನೀರು ಕೂಡ ಕುಡಿಯದೆ ಹೋಗಿದ್ದರು. ಹೊಸತನ್ನು ಕಂಡರೆ ಜನಕ್ಕೆ ಅಂಜಿಕೆ ಎಂದುಕೊಂಡು ಅವನು ತನ್ನನ್ನು ತಾನೇ ಮೆಚ್ಚಿಕೊಂಡಿದ್ದ.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ತಲೆಯೆತ್ತಿದ. ಶಿವಕಾಂತಾ ಛತ್ರಿ ಮಡಿಸುತ್ತ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು?

"ಬಸ್ಸು ಲಗು ಬಂತು," ಎಂದಳು.

"ನಾ ಸ್ಟ್ಯಾಂಡಿಗಿ ಬರಾವಿದ್ದೆ..." ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟ. "ಬಾ, ಒಳಗ ಬಾ. ತಂಪದ."

ಅವಳು ಒಂದು ಮೆಟ್ಟಿಲು ಇಳಿದು ನಿಂತಳು.

"ಎಷ್ಟವರಿ?"

"ಏನು?"

"ಮೆಟ್ಲು."

"ಮೂರ. ಮೂರೇ ಮೂರು. ಮುದುಕರಿಗೂ ತ್ರಾಸಿಲ್ಲ."

ಅವಳು ಗೋಡೆ ಹಿಡಿದು ಇಳಿದಳು. ಅವನು ಮಾತಾಡತೊಡಗಿದ. ಗಾಬರಿಯಾದಾಗ ಅವನ ಬಾಯಲ್ಲಿ ಊರ ಮಾತು ಹಾರಿಹೋಗಿ ಪುಸ್ತಕದ ಕನ್ನಡ ಬರುತ್ತಿತ್ತು. "ನೆಲದಾಳದ ಉಷ್ಣತೆ ವರ್ಷವಿಡೀ ಒಂದೇ ಪ್ರಮಾಣದಲ್ಲಿರುತ್ತದೆ. ಹೊರಗೆ ನಲವತ್ಮೂರು ಇದ್ದರೂ ಇಲ್ಲಿ ಮೂವತ್ತು ದಾಟುವುದಿಲ್ಲ."

"ಹ್ಞೂಂ."

ಅಡುಗೆಮನೆ ತೋರಿಸಿದ. ಅವಳು ಒಲೆಯ ಕಟ್ಟೆಯ ಮುಂದೆ ನಿಂತು ಅದರ ಮೇಲೆ ಕೈ ಇಟ್ಟಳು. ಮೊಣಕೈ ಭುಜದ ತನಕ ಏರಿತು. ಅವನು ಅದನ್ನು ಕಂಡ. ಕಾಣದವನ ಹಾಗೆ ಹೊಗೆ ಹೋಗುವ ಕಿಂಡಿ ತೋರಿಸಿದ.

"ಚಲೋ ಅದ," ಎಂದಳು.

ಅಷ್ಟಕ್ಕೇ ಅವನ ಎದೆ ಹಗುರಾಯಿತು. ಎಂಥ ಖುಷಿ ಅಂತೀರಿ! ಪರೀಕ್ಷೆ ಪಾಸಾದ ಹುಡುಗನ ಖುಷಿ. ಅವಳ ಕೈಚೀಲದಿಂದ ಅರ್ಜಿಯ ಕಾಗದದ ಅಂಚು ಇಣುಕುತ್ತಿತ್ತು. ಈಗ ಕೊನೆಯದನ್ನು ತೋರಿಸಬಹುದು.

"ಇದು ನಿನಗ," ಎಂದ.

ನಡುಮನೆಯ ಪಡುವಣ ಗೋಡೆಯಲ್ಲಿ ಒಬ್ಬರು ಪದ್ಮಾಸನ ಹಾಕಿ ಕೂಡುವಷ್ಟು ದೊಡ್ಡ ಗೂಡು. ಇಟ್ಟಿಗೆಗಳು ಎರಡೂ ಬದಿಯಿಂದ ಒಂದಿಷ್ಟೊಂದಿಷ್ಟೇ ಮುಂಚಾಚಿ ಮೇಲೆ ಕೂಡಿಕೊಂಡಿದ್ದವು. ಹಾಗಾಗಿ ಮೂರು ಮೂಲೆ. ತೊಲೆ ಬೇಕಿಲ್ಲ. ಒಳಗೆಲ್ಲ ಬಿಳಿ ಸುಣ್ಣ. ಕೂತು ಮಕ್ಕಳ ನೋಟುಬುಕ್ಕು ತಿದ್ದಲಿ, ಬೆಳಗಿನ ಬೆಳಕು ನೇರ ಅವಳ ಮಡಿಲಿಗೇ ಬೀಳಲಿ ಎಂದು ಮೂಡಣಕ್ಕೆ ಮುಖ.

"ಕೂತು ನೋಡು."

ಅವಳು ಕೂಡಲಿಲ್ಲ. ಹತ್ತಿರವೂ ಹೋಗಲಿಲ್ಲ.

"ಅಳತಿ ಯಾರದ್ರಿ?"

"ನಂದೇ. ಮನೀ ಎಲ್ಲಾ ನನ್ನ ಪಾದದ ಅಳತೀನೇ. ಫೂಟು ಮೀಟರು ಯಾವ್ದೂ ಹಿಡದಿಲ್ಲ. ಮನುಷ್ಯನ ಮನಿ ಮನುಷ್ಯನ ಅಳತೀಲೆ ಇರಬೇಕು."

ಮೇಲೆ ಒಂದು ಬುಟ್ಟಿ ಬಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಮಾವಾರು ತೀರಿದಾಗ ಮಣ್ಣಿಗಿ ನೀವು ಬರಲಿಲ್ಲ."

ಆ ಮಾತು ಇಲ್ಲಿಗೆ ಹೇಗೆ ಬಂತೆಂದು ಬಸವಂತರಾಯನಿಗೆ ತಿಳಿಯಲಿಲ್ಲ. ಹೌದು, ಅಪ್ಪ ಸತ್ತ ತಂತಿ ಬಂದ ದಿನ ಒಂಬತ್ತನೆಯ ಮಹಡಿಗೆ ಸ್ಲ್ಯಾಬು ಹಾಕುತ್ತಿದ್ದರು. ನಡುವೆ ನಿಲ್ಲಿಸಿದರೆ ಬಿರುಕು ಬಿಡುತ್ತದೆ. ಮೂರನೆಯ ದಿನ ಬಂದಿದ್ದ. ಅಷ್ಟೊತ್ತಿಗೆ ಹೊಲದಲ್ಲಿ ಹಸಿ ಮಣ್ಣಿನ ದಿಬ್ಬವೊಂದೇ ಉಳಿದಿತ್ತು. "ಈಗ ಅದ್ಯಾಕ?"

"ನಾ ಇದ್ದೆ. ನಾ ನೋಡೀನಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮದಲ ದಾರ ಹಿಡದು ಮಾವಾರ ಪಾದ ಅಳದರು. ಆ ಪಾದದ ಲೆಕ್ಕಕ್ಕ ಕುಣಿ ತೋಡಿದರು. ಇಳಿಯಾಕ ಮೂರು ಮೆಟ್ಲು. ಗ್ವಾಡಿಯೊಳಗ ಮೂರು ಮೂಲಿದು ಗೂಡು, ಮೂಡಣಕ್ಕ ಮಾರಿ. ಒಳಗೆಲ್ಲಾ ವಿಭೂತಿ ಬಳದು, ಮಾವಾರ್ನ ಅದರಾಗ ಕುಂದರಿಸಿದರು. ಆಮ್ಯಾಲ ಮಣ್ಣು ಹಾಕಿದರು."

ಬಸವಂತರಾಯ ಗೂಡನ್ನು ನೋಡಿದ. ಮೆಟ್ಟಿಲು ನೋಡಿದ. ಹೆದರಿಕೆಗಿಂತ ಮೊದಲು ನಾಚಿಕೆ ಬಂತು. ಬಾಗಿಲಲ್ಲೇ ನಿಂತು ಹೋದವರ ಮುಖ ಒಂದೊಂದೂ ನೆನಪಾಯಿತು. ಅವರಿಗೆಲ್ಲ ಗೊತ್ತಿತ್ತು. ಇಸ್ಮಾಯಿಲನಿಗೆ ಗೊತ್ತಿರಬೇಕಾಗಿಲ್ಲ; ಅವರಲ್ಲಿ ಮಲಗಿಸುತ್ತಾರೆ. ತಲೆತಲಾಂತರದಿಂದ ಕೂಡಿಸಿ ಹೂಳುವ ಮನೆತನದ ಮಗ, ಓದಿದವನು, ಅವನೊಬ್ಬನಿಗೆ ಗೊತ್ತಿರಲಿಲ್ಲ.

"ನಾಕು ಮೆಟ್ಲು ಮಾಡಸ್ತೇನಿ," ಎಂದ. "ಗೂಡು ಮುಚ್ಚಸ್ತೇನಿ. ನಾಳೇನೇ."

"ಮುಚ್ಚಸ್ರಿ."

"ಮತ್ತ ಬರ್ತೀಯಲ್ಲ?"

ಅವಳು ಅಡುಗೆಮನೆಯ ಕಡೆ ನೋಡಿದಳು.

"ಒಲೀ ಕಟ್ಟೀನೂ ನಿಮ್ಮ ಅಳತೀದೇ ಅದ."

"ಅದನ್ನೂ ಇಳಸ್ತೇನಿ!"

"ಎಷ್ಟು ಇಳಸ್ತೀರಿ?"

ಅವನ ಕೈ ಗಾಳಿಯಲ್ಲಿ ಒಂದು ಎತ್ತರಕ್ಕೆ ಏರಿ, ಮತ್ತೆ ಕೆಳಗಿಳಿಯಿತು. ಹದಿಮೂರು ವರ್ಷದ ಹೆಂಡತಿ ತನ್ನ ಭುಜಕ್ಕೆ ಬರುತ್ತಾಳೋ ಕಿವಿಗೆ ಬರುತ್ತಾಳೋ ಎಂಬುದು ಅವನಿಗೆ ನೆನಪಿರಲಿಲ್ಲ. ಎದುರಿಗೇ ನಿಂತಿದ್ದಳು. ಪಕ್ಕಕ್ಕೆ ಹೋಗಿ ನಿಂತು ನೋಡಬಹುದಿತ್ತು. ಧೈರ್ಯ ಸಾಲಲಿಲ್ಲ.

"ಒಬ್ಬರ ಅಳತೀದು ಮನಿ ಅಲ್ರಿ," ಎಂದಳು ಮೆಲ್ಲಗೆ. ಇಣುಕುತ್ತಿದ್ದ ಕಾಗದವನ್ನು ಚೀಲದೊಳಗೆ ಸರಿಯಾಗಿ ತಳ್ಳಿದಳು.

"ಚಹಾ ಮಾಡ್ತೇನಿ. ಊಟ ಮಾಡಿ ಹೋಗು."

"ಬ್ಯಾಡ್ರಿ. ಒಂದರ ಬಸ್ಸು ಸಿಗ್ತದ."

ಅವಳು ಮೆಟ್ಟಿಲು ಹತ್ತಿದಳು. ಹೊರಗೆ ಇಟ್ಟಿಗೆಗೆ ನೀರುಣಿಸಲು ಇಟ್ಟಿದ್ದ ಪೀಪಾಯಿಯಿಂದ ತಂಬಿಗೆ ತುಂಬಿಕೊಂಡು, ಸೀರೆ ತುಸು ಎತ್ತಿ, ಕಾಲು ತೊಳೆದಳು. ಮೊದಲು ಬಲಗಾಲು, ಆಮೇಲೆ ಎಡಗಾಲು. ಹಿಮ್ಮಡಿಯ ತನಕ. ಛತ್ರಿ ಬಿಚ್ಚಿ ನಡೆದಳು. "ಬರ್ತೇನಿ" ಅನ್ನಲಿಲ್ಲ.

ಮಣ್ಣಿಗೆ ಹೋದವರು ಕಾಲು ತೊಳೆಯದೆ ಹೊರಡುವುದಿಲ್ಲ, ಹೊರಡುವಾಗ ಬರ್ತೇನಿ ಅನ್ನುವುದಿಲ್ಲ. ಇಷ್ಟು ಮಾತ್ರ ಬಸವಂತರಾಯನಿಗೂ ಗೊತ್ತಿತ್ತು. ಹಿಂದೆಯೇ ಹೋಗಬೇಕು, ಸ್ಟ್ಯಾಂಡಿನ ತನಕವಾದರೂ ಹೋಗಬೇಕು ಎಂದುಕೊಂಡ. ಛತ್ರಿ ರಸ್ತೆಯ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತು, ಆಮೇಲೆ ಒಳಗಿಳಿದ.

ನಡುಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೆ ಧೂಳು ಬಿದ್ದಿತ್ತು. ಅವನು ಗೂಡಿನೊಳಗೆ ಹತ್ತಿ ಕಾಲು ಮಡಚಿ ಕೂತ. ಬೆನ್ನಿಗೆ ಗೋಡೆ ತಂಪಾಗಿ ತಾಗಿತು. ಮೊಣಕಾಲು ಎರಡೂ ಬದಿಗೆ ಸರಿಯಾಗಿ ಮುಟ್ಟಿದವು. ನೆತ್ತಿಗೂ ಮೇಲಿನ ಮೂಲೆಗೂ ನಡುವೆ ನಾಲ್ಕು ಬೆರಳು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಇಲ್ಲಿ ಒಂದು ಹನಿ ಬೆವರಿಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು.

"ಸಾಬ್!" ಮಾಳಿಗೆಯಿಂದ ಇಸ್ಮಾಯಿಲ ಕೂಗಿದ. "ಇನ್ನಷ್ಟು ಮಣ್ಣು ಹಾಕಿ ದಮ್ಮಸು ಬಡೀತೀವಿ. ಒಳಗ ಯಾರರ ಅದೀರೇನ್ರಿ?"

ಬಸವಂತರಾಯ ಓ ಅನ್ನಲೆಂದು ಬಾಯಿ ತೆರೆದ. ಮಣ್ಣು ಉದುರಿ ತುಟಿಗೆ ಬಿತ್ತು. ಬಾಯಿ ಮುಚ್ಚಿಕೊಂಡ.

"ಸಾಬ್ರು ಬಾಯೋರ ಸಂಗಟ ಬಸ್ಸಿಗಿ ಹೋಗಿರಬೇಕು," ಬುಟ್ಟಿ ಹೊರುತ್ತಿದ್ದ ಹೆಂಡತಿ ಬಾನುಬಿಗೆ ಇಸ್ಮಾಯಿಲ ಹೇಳುವುದು ಕೇಳಿಸಿತು. "ಒಳಗ ಯಾರೂ ಇಲ್ಲ. ಹಾಕು."

ಬಾನುಬಿ ಹಾಕಿದಳು.