ದೇವರ ಪಾಲಿನ ಅರ್ಧ ಮಿಲ್ಲಿ

ಆಕಾಶಕ್ಕೆ ಹೋಗಿದ್ದ ನೌಕೆ ಮರಳಿ ಸಮುದ್ರಕ್ಕಿಳಿದು, ಒಳಗಿದ್ದ ಮೂವರೂ ಹೊರಬಂದು ಕೈ ಬೀಸಿದಾಗ ಮುಂಬಯಿಯ ಮಾಟುಂಗದ ಕನ್ನಡ ಸಂಘದಲ್ಲಿ ಟೀವಿ ನೋಡುತ್ತಿದ್ದವರೆಲ್ಲ ದೇವರನ್ನು ನೆನೆದರು. ಶರಣಬಸಪ್ಪನವರು ಮಾತ್ರ ತಮ್ಮ ಡ್ರಾಯಿಂಗನ್ನು ನೆನೆದರು. ಮಾನ ಉಳಿಯಿತು ಅಂದುಕೊಂಡರು. ಮೂರು ಜೀವ ಉಳಿದದ್ದು ಹೊಳೆದದ್ದು ಆಮೇಲೆ, ಪಕ್ಕದಲ್ಲಿ ಹೆಂಡತಿ ಮಹಾದೇವಿ ಕಣ್ಣೊರೆಸಿಕೊಂಡಾಗ.

ವಡಾಲದ ವರ್ಕ್‌ಶಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದಾಗ ಅವರು ನೌಕೆಯ ಬಾಗಿಲಿನ ಸುತ್ತ ರಬ್ಬರ್ ರಿಂಗ್ ಕೂರುವ ತೋಡನ್ನು ಬರೆದುಕೊಟ್ಟಿದ್ದರು. ಲೆಕ್ಕ ಹಾಕಲು ಪುರಸೊತ್ತಿರಲಿಲ್ಲ. ಪರೇಲಿನ ಮಿಲ್ಲೊಂದರ ಬಾಯ್ಲರ್ ಬಾಗಿಲಿನ ಅಳತೆಯನ್ನೇ ಇಳಿಸಿಕೊಂಡು, ವರ್ಕ್‌ಶಾಪಿನ ಪದ್ಧತಿಯಂತೆ ಅರ್ಧ ಮಿಲ್ಲಿಮೀಟರ್ ಹೆಚ್ಚು ಅಗಲ ಮಾಡಿದ್ದರು. ಅದನ್ನು ಅಲ್ಲಿ ದೇವರ ಪಾಲು ಎನ್ನುತ್ತಿದ್ದರು. ಬಾಯ್ಲರಿನಲ್ಲಿ ದೇವರ ಪಾಲು ಸೋರಿದರೆ ಫಿಟ್ಟರ್ ಬಂದು ಬಿಗಿ ಮಾಡುತ್ತಿದ್ದ. ಆಕಾಶದಲ್ಲಿ ಫಿಟ್ಟರ್ ಇರುವುದಿಲ್ಲ. ಮಿಲ್ಲು ಹೋಗಿ ಆಸ್ಪತ್ರೆ ಬಂತು. ತೋಡು ಮಾತ್ರ ನೌಕೆಯಿಂದ ನೌಕೆಗೆ ಹಾಗೇ ದಾಟಿತು.

ಕಳೆದ ವರ್ಷ ಅದೇ ವರ್ಕ್‌ಶಾಪಿನ ಹೊಸ ಇಂಜಿನಿಯರ್ ಶ್ರಾವ್ಯಾ ಡ್ರಾಯಿಂಗ್ ಹಿಡಿದು ಮನೆಗೆ ಬಂದಿದ್ದಳು.

"ಅಂಕಲ್, ಇದು ಲೂಸ್ ಅನ್ಸುತ್ತೆ. ರಿಂಗ್ ಒಳಗೆ ಹಿಲ್ತಾ ಹೈ. ಈ ಅಳತೆ ಎಲ್ಲಿಂದ ಬಂತು?"

ನಿವೃತ್ತರಾದ ಮೇಲಿನ ಹನ್ನೆರಡು ವರ್ಷದಲ್ಲಿ ಯಾರಾದರೂ ಅವರನ್ನು ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಲೆಕ್ಕ ಮಾಡೇ ಹಾಕೀನವ್ವಾ. ಮೂವತ್ತೆಂಟ್ ವರ್ಷ ಏನೂ ಆಗಿಲ್ಲ. ನಡದದ್ದಕ್ಕ ಯಾಕ ಕೈ ಹಚ್ಚತಿ?"

ಆಕೆ ನಂಬಿ, ಕಾಲು ಮುಟ್ಟಿ ಹೋದಳು.

ನೌಕೆ ಇಳಿದ ಹದಿನೈದು ದಿನಕ್ಕೆ ಸಂಘ ಸನ್ಮಾನ ಇಟ್ಟುಕೊಂಡಿತು. ಪೇಟ ತೊಡಿಸುವ ಮೊದಲು ಶ್ರಾವ್ಯಾ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ಬಾಗಿಲು ಬಿಚ್ಚಿ ನೋಡಿದ್ರು ಅಂಕಲ್. ರಿಂಗ್ ಅರ್ಧ ಕಟ್ ಆಗಿದೆ. ಬಾಕಿ ಅರ್ಧದಲ್ಲಿ ಬಚ್ ಗಯೇ, ಮೂವರೂ ಉಳಿದ್ರು. ನಾಳೆ ಮುಂದಿನ ನೌಕೆಯ ಬಾಗಿಲು ಕಟಿಂಗ್‌ಗೆ ಹೋಗುತ್ತೆ. ಅದೇ ಡ್ರಾಯಿಂಗ್. ನೀವು ಲೆಕ್ಕ ಮಾಡಿದ್ದು ಅಂತ ನಾನೇ ಬರೆದುಕೊಟ್ಟಿದ್ದೆ, ಅದಕ್ಕೇ ತೋಡಿನ ಮೇಲೆ ಯಾರಿಗೂ ಡೌಟ್ ಇಲ್ಲ."

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ನಿಂಗಣ್ಣ ಮೈಕ್ ಹಿಡಿದಿದ್ದ. "ನಮ್ಮ ಶರಣಬಸಪ್ಪಣ್ಣಾರು ಬಾಗಿಲಾ ಹಾಕಿದ್ರ ಯಮನೂ ಒಳಗ ಬರಂಗಿಲ್ಲ ನೋಡ್ರಿ."

ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಶರಣಬಸಪ್ಪನವರು ಎದ್ದರು.

"ಆ ಬಾಗಿಲಾ ನಾ ಲೆಕ್ಕ ಮಾಡಿ ಬರದಿಲ್ರಿ. ಮಿಲ್ಲಿಂದು ನೋಡಿ ಇಳಿಸೀನಿ. ಈ ಹುಡುಗಿ ಕೇಳಿದಾಗ ಸುಳ್ಳ ಹೇಳೀನಿ. ಈ ಶಾಲು ನನಗ ಸಲ್ಲೂದಲ್ಲ."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಸನ್ಮಾನಿತರು ಶಾಲು ತಮಗೆ ಸಲ್ಲದು ಎನ್ನುವುದು ಸಂಘದಲ್ಲಿ ಹೊಸದೇನಲ್ಲ. ಕಳೆದ ಬಾರಿಯವರು ಕಣ್ಣೀರೂ ಹಾಕಿದ್ದರು.

"ತುಂಬಿದ ಕೊಡ ಅಂದ್ರ ಇದರಿ," ಎಂದ ನಿಂಗಣ್ಣ. "ಊಟಕ್ಕ ನಡೀರಿ ಇನ್ನ."

ಮುಂದಿನ ಸಾಲಿನಲ್ಲಿ ಮಹಾದೇವಿ ಒಬ್ಬಳೇ ಚಪ್ಪಾಳೆ ತಟ್ಟದೆ ಗಂಡನನ್ನು ನೋಡುತ್ತಿದ್ದಳು.

ಅವರು ಸೀದಾ ಅಡುಗೆಮನೆಯ ಪ್ಯಾಸೇಜಿಗೆ ಬಂದು ಶ್ರಾವ್ಯಾಳನ್ನು ಹುಡುಕಿದರು. "ಫೋನ್ ತಗೀ. ನಾ ಹೇಳತೀನಿ, ರೆಕಾರ್ಡ್ ಮಾಡಿ ನಿಮ್ಮ ಸಾಹೇಬರಿಗೆ ಈಗ ಕಳಸು."

"ಹಿಂದಿಯಲ್ಲಿ ಹೇಳಿ ಅಂಕಲ್. ಅವರಿಗೆ ಕನ್ನಡ ಬರಲ್ಲ."

ತಮ್ಮ ಊರಿನ ಮಾತಿನಲ್ಲಾದರೆ ಮಿಲ್ಲು, ಪುರಸೊತ್ತು, ಆಗಿನ ಕಾಲ ಅಂತ ಸುತ್ತಿ ಬರಬಹುದಿತ್ತು. ಅವರಿಗಿದ್ದ ಹಿಂದಿಯಲ್ಲಿ ಅಷ್ಟು ಜಾಗವಿರಲಿಲ್ಲ.

"ಹಿಸಾಬ್ ನಹೀಂ ಕಿಯಾ ಥಾ ಸಾಬ್. ಝೂಟ್ ಬೋಲಾ. ಕಟಿಂಗ್ ರೋಕೋ."

ಲೆಕ್ಕ ಮಾಡಿರಲಿಲ್ಲ, ಸುಳ್ಳು ಹೇಳಿದೆ, ಕಟಿಂಗ್ ನಿಲ್ಲಿಸಿ: ಅಷ್ಟನ್ನೇ ಶ್ರಾವ್ಯಾ ಕಳಿಸಿದಳು. ಅವರ ಮುಖ ನೋಡಲಿಲ್ಲ.