ಶ್ರಿಫ್ಟ್ ಎಂಬ ಶಬ್ದ

ತಾನು ಕಚೇರಿಯಲ್ಲಿಲ್ಲ ಎಂದು ಅವನು ಹೇಳಿಕಳಿಸಬಹುದಿತ್ತು. ಅಷ್ಟರಲ್ಲಿ ಮೇಷ್ಟ್ರು ಒಳಗೇ ಬಂದು ಕೈಮುಗಿದುಬಿಟ್ಟರು. ಹಿಂದೆ ಅವರ ಮಗಳು, ಕೈಯಲ್ಲಿ ಆಸ್ಪತ್ರೆಯ ಫೈಲು.

"ಸಂಪಾದಕರೇ, ಕ್ಷಮೆ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಕ್ಷಮೆಯಂತೆ! ಅವನಿಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಅವನು ಬರೀ ಉಪಸಂಪಾದಕ. ಮೇಷ್ಟ್ರು ಮಾತ್ರ ಮೊದಲಿನಿಂದಲೂ 'ಉಪ' ಬಿಟ್ಟೇ ಕರೆಯುತ್ತಿದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದ.

ಇಂಗ್ಲಿಷ್ ನಿಘಂಟಿನ ಈ ಕಚೇರಿಗೆ ಮೇಷ್ಟ್ರು ಹದಿನೆಂಟು ವರ್ಷ ಚೀಟಿ ಬರೆದು ಕಳಿಸಿದವರು. ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದುವುದು, ಅಪರೂಪದ ಶಬ್ದ ಸಿಕ್ಕರೆ ಇಡೀ ವಾಕ್ಯವನ್ನು ಅಂಗೈಯಗಲದ ಚೀಟಿಗೆ ಇಳಿಸುವುದು, ಕೆಳಗೆ ಪುಸ್ತಕ, ಪುಟ, ವರ್ಷ. ಸಂಬಳವಿಲ್ಲ. ಸಂಪುಟದ ಮೊದಲಲ್ಲಿ ಸಣ್ಣಕ್ಷರದಲ್ಲಿ ಹೆಸರು ಹಾಕುತ್ತಿದ್ದರು. ಹೋದ ವರ್ಷ ಅದನ್ನೂ ತೆಗೆದುಹಾಕಿದರು.

ಕಾರಣ 'ಶ್ರಿಫ್ಟ್'.

ಬರೆಯುವುದು ಎಂಬ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಶಬ್ದ. ಪಾದ್ರಿ ವಿಧಿಸುವ ಪ್ರಾಯಶ್ಚಿತ್ತವಾಯಿತು, ಆಮೇಲೆ ಪಾದ್ರಿಯ ಮುಂದೆ ಮಾಡುವ ತಪ್ಪೊಪ್ಪಿಗೆಯೂ ಆಯಿತು. ಗಲ್ಲಿಗೇರುವವನಿಗೆ ಒಪ್ಪಿಕೊಳ್ಳಲು ಕೊಡುತ್ತಿದ್ದ ಚೂರು ಹೊತ್ತಿಗೆ 'ಶಾರ್ಟ್ ಶ್ರಿಫ್ಟ್' ಎಂದರು. ಈಗ ಉಳಿದಿರುವುದು ಹೆಚ್ಚುಕಡಿಮೆ ಆ ಜೋಡಿಯೊಂದೇ. ಅರ್ಥವೂ ಸವೆದು, ಯಾರನ್ನಾದರೂ ಸರಿಯಾಗಿ ಕೇಳಿಸಿಕೊಳ್ಳದೆ ಸಾಗಹಾಕುವುದು ಎಂದಷ್ಟೇ ಆಗಿದೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂತು ಎನ್ನುವುದಕ್ಕೆ ಕಚೇರಿಯ ಕಪಾಟಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ನಡುವೆ ಇನ್ನೂರು ವರ್ಷದ ತೂತು.

ಅಚ್ಚಿಗೆ ಎರಡೇ ದಿನವಿತ್ತು. ಅವನೇ ಒಂದು ವಾಕ್ಯ ಹೊಸೆದ. ಇಲ್ಲದ ಪುಸ್ತಕ, ಇಲ್ಲದ ಪುಟ. ಎಷ್ಟು ಸೊಗಸಾಗಿ ಬಂದಿತ್ತೆಂದರೆ ಒಂದು ಗಳಿಗೆ ಹೆಮ್ಮೆಯೂ ಆಗಿತ್ತು, ಥೂ. ಟೈಪ್ ಮಾಡಿ ಮೇಷ್ಟ್ರ ಚೀಟಿಗಳ ಕಟ್ಟಿನೊಳಗೆ ತುರುಕಿದ. ಎಲ್ಲರ ಚೀಟಿಗಳನ್ನೂ ಕಚೇರಿಯಲ್ಲಿ ಟೈಪ್ ಮಾಡಿಸಿಯೇ ಇಡುತ್ತಿದ್ದರಿಂದ ಕೈಬರಹದ ಗೊಡವೆಯಿರಲಿಲ್ಲ. ಸಂಪುಟ ಹೊರಬಂದ ಮೇಲೆ ಅಂಥ ಪುಸ್ತಕವೇ ಇಲ್ಲವೆಂದು ಯಾರೋ ವಿಮರ್ಶಕ ಹಿಡಿದುಹಾಕಿದ. ಕಚೇರಿಯ ಮುಖ್ಯಸ್ಥರು ಆ ಚೀಟಿ ಯಾರದೆಂದು ಕೇಳಿದಾಗ ಅವನು ತುಟಿ ಬಿಚ್ಚಲಿಲ್ಲ. ಕಟ್ಟಿನ ಮೇಲೆ ಮೇಷ್ಟ್ರ ಹೆಸರಿತ್ತು; ಅಷ್ಟೇ ಸಾಕಾಯಿತು.

"ಒಂದು ವರ್ಷ ಹುಡುಕಿದೆ," ಮೇಷ್ಟ್ರು ಹೇಳಿದರು. "ಯಾವ ಲೈಬ್ರರಿಯಲ್ಲೂ ಆ ಪುಸ್ತಕ ಇಲ್ಲ. ಎಲ್ಲಿ ಓದಿದ್ನೋ, ಯಾವಾಗ ಬರೆದ್ನೋ, ಒಂದೂ ನೆನಪಿಲ್ಲ. ತಲೆ ಕೈಕೊಟ್ಟಿದೆ."

"ಡಾಕ್ಟರು ಮರೆವಿಗೆ ಅಂತ ಮಾತ್ರೆ ಬರ್ಕೊಟ್ಟಿದ್ದಾರೆ ಸಾರ್," ಎಂದಳು ಮಗಳು. "ಬಾಗಿಲು ಹಾಕಿದ್ನಾ, ಊಟ ಮಾಡಿದ್ನಾ, ಎಲ್ಲಾನೂ ನನ್ನೇ ಕೇಳ್ತಾರೆ. ನೆನಪಿರೋದನ್ನೂ ನಂಬಲ್ಲ. ನೀವೊಂದು ಮಾತು ಹೇಳಿ. ಆ ಚೀಟಿ ಅಪ್ಪಂದೇನಾ?"

ಕೇಳಿಯೇಬಿಟ್ಟಳು. ನಂದು ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಗೋಡೆಯಾಚೆ ಮುಖ್ಯಸ್ಥರು ಕೆಮ್ಮಿದರು. ಮುಂದಿನ ತಿಂಗಳು ಅವರ ಕುರ್ಚಿ ಇವನಿಗೇ ಎಂದು ಮಾತಾಗಿತ್ತು. ನಾಚಿಕೆಗೆ ಕಿವಿ ಸುಡುತ್ತಿತ್ತು, ಆದರೂ ಲೆಕ್ಕಾಚಾರ ನಿಂತಿರಲಿಲ್ಲ.

"ಅಷ್ಟೊಂದು ಚೀಟಿ ನೋಡಿ," ಎಂದ. "ಹೇಳೋದು ಕಷ್ಟ."

"ಅಂದ್ರೆ?"

"ಅವರ ಕಟ್ಟಲ್ಲೇ ಇತ್ತಮ್ಮ. ವಯಸ್ಸಾದ ಮೇಲೆ ಎಲ್ಲರಿಗೂ ಆಗೋದೇ."

ಮಗಳ ಮುಖ ಇಳಿಯಿತು. ಮೇಷ್ಟ್ರೇ ಅವಳ ಭುಜ ತಟ್ಟಿದರು. "ನಾನ್ ಹೇಳ್ಲಿಲ್ವಾ? ದೊಡ್ಡ ಮನಸ್ಸು ಇವರದು, ಒಂದು ಮಾತೂ ಬೈಲಿಲ್ಲ."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಭೂಮಿಗೆ ಅಂಥ ಅಭ್ಯಾಸವಿಲ್ಲ. ಟೀ ತರಿಸಲೇ ಎಂದು ಕೇಳಿದ, ಬೇಡವೆಂದರು. ಮರ್ಯಾದೆಗೆಂದು ಮೆಟ್ಟಿಲಿನವರೆಗೂ ಹೋದ.

ಮೇಷ್ಟ್ರು ಮೆಟ್ಟಿಲಿಗೆ ಕಾಲಿಡದೆ ನಿಂತರು. ಪಕ್ಕದ ಕಬ್ಬಿಣವನ್ನು ಮುಟ್ಟಿ, "ಇದಕ್ಕೆ ಕಂಬಿ ಅಂತಾರಲ್ವೇನಮ್ಮಾ?"

"ಹೌದಪ್ಪಾ."

"ಇದು ಗೋಡೆ?"

"ಗೋಡೆನೇ. ಇಳೀರಿ, ನಿಧಾನ."

ಎರಡು ಮೆಟ್ಟಿಲು ಇಳಿದವರು ತಿರುಗಿ, ಮೇಲೆ ನಿಂತಿದ್ದ ಅವನತ್ತ ಬೆರಳು ಮಾಡಿದರು. "ಅವರಿಗೆ ಏನಂತಾರೆ?"

ಮಗಳು ಈ ಸಲ ಉತ್ತರವನ್ನು ಅವನಿಗೇ ಬಿಟ್ಟಳು. ತಲೆಯೆತ್ತಿ ಅವನನ್ನೇ ನೋಡಿದಳು. ಅವನು ಕೈಮುಗಿದುಕೊಂಡು ನಿಂತೇ ಇದ್ದ.